ಬಿಡಲಾಗದ 52 ಪ್ರಶ್ನೆಗಳು

ನೇಮಕಾತಿ ಆದೇಶ ಕೈಯಲ್ಲಿದ್ದರೂ ಕೆಲಸಕ್ಕೆ ಹಾಜರಾಗಲು ಹಿಂಜರಿಯುವ ಯುವಕ ಯುವತಿಯರು ನನ್ನ ಬಳಿಗೆ ಮತ್ತೆ ಮತ್ತೆ ಬರುತ್ತಿರುವುದರಿಂದ, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ.

ಆತ ಉತ್ತರ ಕರ್ನಾಟಕದ ರೈತ ಕುಟುಂಬದವನು. ಧಾರವಾಡದಲ್ಲಿ ರೂಮು ಮಾಡಿಕೊಂಡು ಯುಪಿಎಸ್‌ಸಿ ನಾಗರಿಕ ಸೇವಾ ಪರೀಕ್ಷೆಗೆ ಓದುತ್ತಿದ್ದ. ಸಾಮಾನ್ಯ ವರ್ಗದವನಾದ್ದರಿಂದ 32 ವರ್ಷದೊಳಗೆ ಅವನಿಗಿದ್ದದ್ದು 6 ಪ್ರಯತ್ನಗಳು, ಅವುಗಳಲ್ಲಿ 4 ಮುಗಿದಿದ್ದವು. ನಡುವೆ ಬರೆದ ಇನ್ನೊಂದು ಪರೀಕ್ಷೆಯಿಂದ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ) ಹುದ್ದೆಯ ಆದೇಶ ಬಂದಿತ್ತು. ಸೇರಿಕೋ ಎಂದು ತಂದೆ ಒತ್ತಾಯಿಸುತ್ತಿದ್ದರೆ, ಎರಡು ದೋಣಿಯ ಮೇಲೆ ಕಾಲಿಟ್ಟವನು ದಡ ಸೇರುವುದಿಲ್ಲ ಎಂದು ತರಬೇತಿ ಕೇಂದ್ರದ ಗುರುಗಳು ಹೇಳಿದ್ದರು.

ಮೊದಲ ಭೇಟಿಗಳಲ್ಲಿ ಆತ ಆ ಗುರುಗಳ ಮಾತನ್ನೇ ನನಗೆ ಒಪ್ಪಿಸುತ್ತಿದ್ದ. ಮುಂದಿನದ್ದನ್ನು ಬದಿಗಿಟ್ಟು, ಕಳೆದ ಪೂರ್ವಭಾವಿ ಪರೀಕ್ಷೆಯ ಸಾಮಾನ್ಯ ಅಧ್ಯಯನದ ಪತ್ರಿಕೆಯನ್ನು ಹೇಗೆ ಬರೆದೆ ಎಂಬುದನ್ನಷ್ಟೇ ಹೇಳು ಎಂದು ಒಂದು ದಿನ ಕೇಳಿದೆ. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, "ಖಾತ್ರಿ ಇದ್ದದ್ದು 48 ಪ್ರಶ್ನೆ ಅಷ್ಟ ರೀ ಮೇಡಂ. ಉಳಿದದ್ದು ಬಿಡಬೇಕು ಅಂತ ಗೊತ್ತಿತ್ತು. ಆದ್ರ ಬಿಟ್ಟರ ಮುಂದ ನನಗೇನೈತಿ ಅನ್ನಿಸಿ, ಎಲ್ಲಾ ಗೋಲ ತುಂಬಿ ಬಂದೆ" ಎಂದ.

ಆ ಪತ್ರಿಕೆಯಲ್ಲಿ 100 ಪ್ರಶ್ನೆಗಳಿಗೆ 200 ಅಂಕ. ಪ್ರತಿ ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ ಕಡಿತವಾಗುತ್ತದೆ. ಊಹಿಸಿ ತುಂಬಿದ 52ರಲ್ಲಿ ಸರಿಯಾದವು 9 ಮಾತ್ರ. ಬಂದದ್ದು 18 ಅಂಕ, ಹೋದದ್ದು 28ಕ್ಕೂ ಹೆಚ್ಚು. ಕಟ್‌ಆಫ್‌ನಿಂದ ಆತ ಹೊರಗುಳಿದದ್ದು ಈ ನಷ್ಟಕ್ಕಿಂತ ಕಡಿಮೆ ಅಂತರದಲ್ಲಿ. ಬೇರೆ ದಾರಿಯೇ ಇಲ್ಲವೆಂಬ ಸ್ಥಿತಿ ಅವನನ್ನು ವರ್ಷವಿಡೀ ಓದಿಸಿತ್ತು, ನಿಜ. ಆದರೆ ಓದಿದ್ದನ್ನು ಕೈಗೂಡಿಸಬೇಕಾದ ಆ ಎರಡು ಗಂಟೆಗಳಲ್ಲಿ ಅವನ ವಿವೇಚನೆಯನ್ನು ಕೆಡಿಸಿದ್ದೂ ಅದೇ. ಈ ಲೆಕ್ಕವನ್ನು ಅವನ ಕೈಯಿಂದಲೇ ಹಾಕಿಸಿದೆ.

ನಂತರ ಕೆಲಸಕ್ಕೆ ಸೇರು ಎಂದು ಸಲಹೆ ಕೊಟ್ಟೆ. ಅದರ ಜೊತೆಗೆ, ಬ್ಯಾಂಕ್, ಪಿಡಿಒ (ಪಂಚಾಯತ್ ಅಭಿವೃದ್ಧಿ ಅಧಿಕಾರಿ), ಬಿ.ಎಡ್. ಎಂದು ಭಯ ಹುಟ್ಟಿದಾಗಲೆಲ್ಲ ಹಾಕುತ್ತಿದ್ದ ಅರ್ಜಿಗಳನ್ನು ಪೂರ್ತಿಯಾಗಿ ನಿಲ್ಲಿಸಬೇಕೆಂದೂ, ಉಳಿದ 2 ಪ್ರಯತ್ನಗಳಿಗೆ ಬೆಳಗಿನ ಮತ್ತು ರಜಾದಿನಗಳ ಸಮಯವನ್ನು ಮೀಸಲಿಡಬೇಕೆಂದೂ ಹೇಳಿದೆ.

ಇಂಥ ಸಲಹೆ ಹುಡುಗರ ಛಲವನ್ನು ಕುಂದಿಸುತ್ತದೆ ಎಂದು ಆಕ್ಷೇಪಿಸುವವರಿದ್ದಾರೆ. ಪರ್ಯಾಯ ಯೋಜನೆಯನ್ನು ಕುರಿತು ಯೋಚಿಸುವುದರಿಂದಲೇ ಗುರಿಯ ಹಂಬಲ ಇಳಿಯಬಹುದೆಂದು ಜಿಹೇ ಶಿನ್ ಮತ್ತು ಕ್ಯಾಥರೀನ್ ಮಿಲ್ಕ್‌ಮನ್ 2016ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಾನೂ ಗಂಭೀರವಾಗಿಯೇ ಪರಿಗಣಿಸುತ್ತೇನೆ. ಆದ್ದರಿಂದಲೇ ದಿನವೂ ಹೊಸ ಪರ್ಯಾಯ ಹುಡುಕುವುದನ್ನು ನಿಲ್ಲಿಸಿ, ಇರುವ ಒಂದನ್ನು ಗಟ್ಟಿಮಾಡಿಕೊಂಡು ಅದರ ಯೋಚನೆಯನ್ನು ಬಿಡು ಎನ್ನುತ್ತೇನೆ. 2024ರ ಪರೀಕ್ಷೆಯ ಪೂರ್ವಭಾವಿಗೆ 5,83,213 ಮಂದಿ ಹಾಜರಾದರು, ಕೊನೆಗೆ ಆಯ್ಕೆಯ ಪಟ್ಟಿಯಲ್ಲಿದ್ದವರು 1,009. ಉಳಿದವರಾರೂ ಮನಸ್ಸಿಟ್ಟು ಓದಲಿಲ್ಲ ಎನ್ನಲು ನನಗೆ ಬಾಯಿ ಬರುವುದಿಲ್ಲ. ಸ್ಥಾನಗಳೇ ಇಷ್ಟು ಕಡಿಮೆಯಿರುವಾಗ, ಸಂಬಳವಿಲ್ಲದ ವರ್ಷಗಳ ಭಾರವನ್ನು ಹೊರುವುದು ಹುಡುಗನ ಮನೆಯವರೇ ಹೊರತು ಛಲ ಬೋಧಿಸಿದವರಲ್ಲ.

ಇದೇ ಗೊಂದಲದಲ್ಲಿರುವವರು ಮೊದಲು ಆದೇಶದಲ್ಲಿರುವ ಹಾಜರಾತಿಯ ಗಡುವನ್ನು ನೋಡಿಕೊಳ್ಳಬೇಕು. ಕಾಲಾವಕಾಶ ಬೇಕಿದ್ದರೆ ಅದು ಮುಗಿಯುವ ಮೊದಲೇ ಲಿಖಿತವಾಗಿ ಕೇಳಬೇಕು. ಸೇವೆಗೆ ಸೇರಿದ ಮೇಲೆ ಪರೀಕ್ಷೆಗೆ ಅರ್ಜಿ ಹಾಕುವಾಗ ಕಚೇರಿಯ ಮುಖ್ಯಸ್ಥರಿಗೆ ಬರವಣಿಗೆಯಲ್ಲಿ ತಿಳಿಸಿ, ಅದರ ಪ್ರತಿಯನ್ನು ತಮ್ಮ ಬಳಿ ಇಟ್ಟುಕೊಳ್ಳಬೇಕು.