ಹತ್ತೊಂಬತ್ತು ದಿನ, ಅದೇ ಮೂರು ಸಾಲು

(ಹೆಸರು ಮತ್ತು ಮನೆಯ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆಯಿದೆ.)

ಸುಮತಿ ಆಪ್ತಸಮಾಲೋಚನೆಗೆಂದು ನನ್ನ ಬಳಿ ಮೊದಲ ಸಲ ಬಂದದ್ದು ತುಳುನಾಡಿನ ಆಟಿ ತಿಂಗಳ ಮಳೆಯಲ್ಲಿ, ಮಲ್ಪೆಯ ಕಡೆಯಿಂದ. ಗಂಡ ಟ್ರಾಲ್ ಬೋಟಿನಲ್ಲಿ ದುಡಿಯುವವರು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ. ಮೀನಿನ ಪಾಲಿನ ಹಣ ನಿಲ್ಲುತ್ತದೆ, ಸೊಸೈಟಿ ಸಾಲದ ಕಂತು ನಿಲ್ಲುವುದಿಲ್ಲ. ಅದೇ ಹೊತ್ತಿಗೆ ಅತ್ತೆ ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದಿದ್ದರು. ಸುಮತಿಗೆ ನಿದ್ದೆಯಿಲ್ಲ, ಎದೆ ಬಿಗಿತ, ಮಗಳ ಮೇಲೆ ಸಿಡುಕು. ವೈದ್ಯರು ನೋಡಿ, ಇಸಿಜಿ ಸರಿಯಿದೆ ಎಂದಿದ್ದರು.

ಅವರ ಚೀಲದಲ್ಲಿ ಒಂದು ನೋಟ್‌ಪುಸ್ತಕವಿತ್ತು. ದಿನವೂ ಮೂರು ಕೃತಜ್ಞತೆ ಬರೆದರೆ ಮನಸ್ಸು ಹಗುರವಾಗುತ್ತದೆಂದು ಯಾರೋ ಹೇಳಿದ್ದರಂತೆ. ತೆರೆದು ನೋಡಿದೆ. “ಮನೆ ಇದೆ. ಮಕ್ಕಳಿದ್ದಾರೆ. ಆರೋಗ್ಯ ಇದೆ.” ಹತ್ತೊಂಬತ್ತು ದಿನವೂ ಅದೇ ಮೂರು ಸಾಲು. ಇಪ್ಪತ್ತನೆಯ ದಿನದ ಹಾಳೆ ಖಾಲಿ.

“ಇಷ್ಟೆಲ್ಲ ಇದ್ದೂ ಅಳು ಬರುತ್ತದಲ್ಲ ಮೇಡಂ, ನಾನು ಅಷ್ಟು ಕೃತಘ್ನೆಯಾ?” ಎಂದರು.

ನನ್ನನ್ನು ಕಲಕಿದ್ದು ಈ ಮಾತು. ಸಂಕಟದ ಮೇಲೆ ಅಪರಾಧಿ ಭಾವವನ್ನೂ ಹೇರುವ ಕೃತಜ್ಞತೆ ಯಾರಿಗೂ ಬೇಡ. “ನಿಮಗಿಂತ ಕಷ್ಟದಲ್ಲಿರುವವರನ್ನು ನೋಡಿ” ಎಂಬ ಉಪದೇಶ ನಮ್ಮ ಮನೆಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಅದನ್ನು ಕೇಳಿದವರ ಅಳು ನಿಲ್ಲುವುದಿಲ್ಲ, ಬಚ್ಚಲುಮನೆಗೆ ಹೋಗುತ್ತದೆ ಅಷ್ಟೇ.

ಬರೆಯುವುದನ್ನು ಬಿಡಿ ಎಂದು ನಾನು ಹೇಳಲಿಲ್ಲ. ಮನೋವಿಜ್ಞಾನಿ ಮಾರ್ಟಿನ್ ಸೆಲಿಗ್ಮನ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ವಾರ ಪ್ರತಿ ರಾತ್ರಿ ಮೂರು ಒಳ್ಳೆಯ ಸಂಗತಿ ಬರೆದವರಲ್ಲಿ ಖಿನ್ನತೆಯ ಲಕ್ಷಣಗಳು ಕಡಿಮೆಯಾಗಿದ್ದವು. ಆರು ತಿಂಗಳ ನಂತರವೂ ಆ ಪರಿಣಾಮ ಕಂಡಿತ್ತು. ಆದರೆ ಅವರು ಪ್ರತಿಯೊಂದು ಸಂಗತಿಯೂ ಏಕೆ ನಡೆಯಿತೆಂದು ಬರೆಯಬೇಕಿತ್ತು. ಸುಮತಿಯವರಿಗೆ ಆ ಭಾಗವನ್ನು ಯಾರೂ ಹೇಳಿರಲಿಲ್ಲ. ನಮ್ಮ ಪದದಲ್ಲೇ ಅದು ಇದೆ: ‘ಕೃತ’ ಎಂದರೆ ಮಾಡಿದ್ದು, ಅದನ್ನು ಅರಿತವರು ಕೃತಜ್ಞರು. “ಮನೆ ಇದೆ” ಎಂಬ ಸಾಲಿನಲ್ಲಿ ಯಾರೂ ಏನೂ ಮಾಡಿಲ್ಲ.

ಹಾಗಾಗಿ ಪುಸ್ತಕದ ಎಡಪುಟವನ್ನು ಸಂಕಟಕ್ಕೆ ಕೊಟ್ಟೆವು. ಮೊದಲು ಅದು, ಮನಸ್ಸಿಗೆ ಬಂದಷ್ಟು. ಬಲಪುಟದಲ್ಲಿ ಆ ದಿನ ಯಾರು ಏನು ಮಾಡಿದರು ಎಂಬುದು ಮಾತ್ರ. ಒಂದೇ ಇದ್ದರೆ ಒಂದು, ಇಲ್ಲದಿದ್ದರೆ ಖಾಲಿ. ತಾನೇ ಮಾಡಿದ್ದನ್ನೂ ಬರೆಯಬಹುದು ಎಂದಾಗ ಅವರು ಅಚ್ಚರಿಯಿಂದ ನನ್ನ ಮುಖ ನೋಡಿದರು.

ಮುಂದಿನ ವಾರ ತಂದ ಸಾಲು: “ಪಕ್ಕದ ಮನೆಯ ಅಕ್ಕ ಬಂದು ಅತ್ತೆಯನ್ನು ಮಗ್ಗುಲು ತಿರುಗಿಸಲು ಕೈ ಜೋಡಿಸಿದರು. ನಾನು ಕರೆದೆ, ಅದಕ್ಕೆ ಬಂದರು.” ಎರಡನೆಯ ವಾಕ್ಯದ ಮೇಲೆ ನಾವು ಬಹಳ ಹೊತ್ತು ಮಾತಾಡಿದೆವು. ಕರೆದರೆ ಬರುವವರಿದ್ದಾರೆ ಎಂಬುದು ಅವರಿಗೆ ಹೊಸತಾಗಿತ್ತು. ಅದೇ ಧೈರ್ಯದಲ್ಲಿ, ವಾರದಲ್ಲಿ ಎರಡು ರಾತ್ರಿ ಅತ್ತೆಯ ಬಳಿ ಮಲಗಲು ನಾದಿನಿಯನ್ನು ಕೇಳಿದರು. ಕಂತು ತಪ್ಪುವ ಮೊದಲೇ ಗಂಡಹೆಂಡತಿ ಇಬ್ಬರೂ ಸೊಸೈಟಿಗೆ ಹೋಗಿ ಮಾತಾಡಿ ಬಂದರು.

ಒಂದನ್ನು ಅವರಿಗೆ ಮೊದಲ ದಿನವೇ ಹೇಳಿದ್ದೆ. ಬರವಣಿಗೆ ಔಷಧಿಯ ಬದಲಿಯಲ್ಲ. ಎರಡು ವಾರ ಕಳೆದರೂ ಕುಗ್ಗಿದ ಮನಸ್ಸು ಏಳದಿದ್ದರೆ ಮನೋವೈದ್ಯರನ್ನು ಕಾಣಬೇಕು. ಬದುಕು ಬೇಡ ಎನ್ನಿಸಿದರೆ ಒಂದು ದಿನವೂ ಕಾಯಬಾರದು. ನಡುರಾತ್ರಿಯಾದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಆಗಸ್ಟಿನಲ್ಲಿ ಬೋಟುಗಳು ಕಡಲಿಗಿಳಿದವು. ಸುಮತಿ ಈಗ ಐದು ಗಂಟೆ ಮಲಗುತ್ತಾರೆ, ಹದಿನೈದು ದಿನಕ್ಕೊಮ್ಮೆ ಬರುತ್ತಾರೆ. ಎಡಪುಟ ಇನ್ನೂ ತುಂಬಿಯೇ ಇರುತ್ತದೆ. ಕಳೆದ ಸಲ ಬಲಪುಟದಲ್ಲಿ ಇದ್ದದ್ದು ಒಂದೇ ಸಾಲು: “ಮಗಳು ನನ್ನ ತಲೆಗೆ ಎಣ್ಣೆ ಹಚ್ಚಿದಳು. ಏಕೆಂದು ಗೊತ್ತಿಲ್ಲ, ಕೇಳಬೇಕು.”