‘ಹೈಡ್’, ‘ಕನ್ಸೀಲ್’ ಲೇಖನ ಕಳಿಸಿದವರಿಗೆ

ಮಾನ್ಯರೇ,

ಚಿಂತಾಮಣಿಯಿಂದ ನೀವು ಕಳಿಸಿದ ‘ಹೈಡ್ ಮತ್ತು ಕನ್ಸೀಲ್: ಏನು ವ್ಯತ್ಯಾಸ?’ ಓದಿದೆವು. ಮರೆಮಾಡು ಎಂಬರ್ಥದ ಈ ಎರಡು ಇಂಗ್ಲಿಷ್ ಕ್ರಿಯಾಪದಗಳ ವ್ಯತ್ಯಾಸ ಪಿಯುಸಿ ಮಕ್ಕಳಿಗೆ ಬೇಕಾದ ವಿಷಯವೇ. ಆದರೆ ಈಗಿರುವಂತೆ ಅಚ್ಚು ಹಾಕಲಾಗುವುದಿಲ್ಲ. ಇಡೀ ಲೇಖನ ನಿಂತಿರುವ ಮಾತು ಅರ್ಧ ಮಾತ್ರ ಸರಿ.

‘ಹೈಡ್’ಗೆ ಉದ್ದೇಶ ಬೇಕಿಲ್ಲ, ‘ಕನ್ಸೀಲ್’ಗೆ ಬೇಕೇ ಬೇಕು, ಅದೂ ಕೆಟ್ಟ ಉದ್ದೇಶ ಎಂದಿದ್ದೀರಿ. ಮಂಜು ನಂದಿ ಬೆಟ್ಟವನ್ನು ಮರೆಮಾಡಿದರೆ ‘ಹಿಡ್’ (‘ಹೈಡ್’ನ ಭೂತಕಾಲ) ಎನ್ನಬಹುದು, ನಿಜ. ಆದರೆ ಮರಗಳು ಮನೆಯನ್ನು ‘ಕನ್ಸೀಲ್’ ಮಾಡಿದ್ದವು ಎಂದೂ ಇಂಗ್ಲಿಷಿನಲ್ಲಿ ಬರೆಯುತ್ತಾರೆ. ಮರಕ್ಕೆ ಯಾವ ಉದ್ದೇಶ? ಇನ್ನು, ಗೋಡೆ ಕೊರೆದು ಪೈಪ್ ಕೂರಿಸಿ ಮೇಲೆ ಗಾರೆ ಬಳಿಯುವುದಕ್ಕೆ ನಮ್ಮೂರ ಎಲೆಕ್ಟ್ರಿಷಿಯನ್ನರೂ ‘ಕನ್ಸೀಲ್ಡ್ ವೈರಿಂಗ್’ ಎನ್ನುತ್ತಾರೆ. ಅದರಲ್ಲಿ ಮೋಸವೇನೂ ಇಲ್ಲ. ‘ಕರ್ತೃ ಮನುಷ್ಯನಾಗಿದ್ದರೆ, ಬೇಕೆಂದೇ ಮಾಡಿದ ಎಂಬ ಧ್ವನಿ ಕನ್ಸೀಲ್‌ನಲ್ಲಿ ಹೆಚ್ಚು’ ಎಂದು ತಿದ್ದಿ. ಅಷ್ಟು ಸಾಕು.

ಗಟ್ಟಿ ವ್ಯತ್ಯಾಸ ಇರುವುದು ವ್ಯಾಕರಣದಲ್ಲಿ. ನೀವು ಅದನ್ನು ಮುಟ್ಟಿಯೇ ಇಲ್ಲ. ಕನ್ನಡದಲ್ಲಿ ಅವಿತುಕೊಳ್ಳುವುದು ಬೇರೆ, ಬಚ್ಚಿಡುವುದು ಬೇರೆ. ‘ಹೈಡ್’ ಎರಡಕ್ಕೂ ಒದಗುತ್ತದೆ: ಹುಡುಗ ಬಾಗಿಲ ಹಿಂದೆ ‘ಹಿಡ್’, ಹುಡುಗ ಬೀಗದ ಕೈಯನ್ನು ‘ಹಿಡ್’. ‘ಕನ್ಸೀಲ್’ ಸಕರ್ಮಕ, ಏನನ್ನು ಎಂಬುದು ವಾಕ್ಯದಲ್ಲಿ ಇರಲೇಬೇಕು. ನಿಮ್ಮ ಮೂರನೇ ಉದಾಹರಣೆ ‘ದ ಥೀಫ್ ಕನ್ಸೀಲ್ಡ್ ಇನ್ ದ ಮಲ್ಬೆರಿ ಗಾರ್ಡನ್’ ಅಲ್ಲೇ ಮುಗ್ಗರಿಸಿದೆ. ‘ಕನ್ಸೀಲ್ಡ್ ಹಿಮ್‌ಸೆಲ್ಫ್’ ಆಗಬೇಕು. ‘ದ ಥೀಫ್, ಕನ್ಸೀಲ್ಡ್ ಇನ್ ದ ಗಾರ್ಡನ್, ವೇಟೆಡ್’ ಎಂದರೆ ಮಾತ್ರ ಸರಿ, ಏಕೆಂದರೆ ಅಲ್ಲಿ ‘ಕನ್ಸೀಲ್ಡ್’ ವಿಶೇಷಣ, ಕ್ರಿಯಾಪದ ‘ವೇಟೆಡ್’. ಇಂಥ ವಾಕ್ಯ ಓದಿಯೇ ಮಕ್ಕಳು ಎಡವುವುದು. ಇದಕ್ಕೆ ಒಂದು ಪ್ಯಾರಾ ಪೂರ್ತಿ ಕೊಡಿ.

ಹಾಗೆಯೇ ‘ಹೈಡ್’ನ ಭೂತಕಾಲ ‘ಹಿಡ್’, ಕೃದಂತ ‘ಹಿಡನ್’. ನೀವು ಬರೆದ ‘ಹೈಡೆಡ್’ ಎಂಬ ರೂಪವೇ ಇಲ್ಲ.

ಎಲ್ಲಿ ಯಾವುದನ್ನು ಬಳಸಬೇಕು ಎಂಬ ಭಾಗ ತೀರಾ ತೆಳು. ‘ಹೈಡ್’ ಹಳೆಯ ಇಂಗ್ಲಿಷಿನ ಮನೆಮಾತು. ‘ಕನ್ಸೀಲ್’ ಲ್ಯಾಟಿನ್‌ನಿಂದ ಫ್ರೆಂಚ್ ದಾಟಿ ಬಂದದ್ದು, ಕಚೇರಿ ಕೋರ್ಟುಗಳಲ್ಲಿ ಸಲೀಸು. ಕಣ್ಣಾಮುಚ್ಚಾಲೆಗೆ ‘ಹೈಡ್’ ಬಿಟ್ಟು ಬೇರೆ ಪದವಿಲ್ಲ. ಆದರೆ 1872ರ ಭಾರತೀಯ ಕರಾರು ಕಾಯಿದೆಯ 17ನೇ ಕಲಮು ವಂಚನೆಯ ಬಗೆಗಳಲ್ಲಿ ‘ಆ್ಯಕ್ಟಿವ್ ಕನ್ಸೀಲ್‌ಮೆಂಟ್’ ಅನ್ನು ಸೇರಿಸಿದೆ: ತನಗೆ ಗೊತ್ತಿರುವ ಸಂಗತಿಯನ್ನು ಮೋಸಗೊಳಿಸಲೆಂದೇ ಮರೆಮಾಚುವುದು. ಸಾಮಾನ್ಯವಾಗಿ ಬರೀ ಸುಮ್ಮನಿದ್ದರೆ ವಂಚನೆಯಾಗದು. ಬತ್ತಿದ ಬೋರ್‌ವೆಲ್ ಇರುವ ಜಮೀನು ಮಾರುವವನು, ಕೊಳ್ಳುವವರು ನೋಡಲು ಬರುವ ದಿನ ಟ್ಯಾಂಕರ್ ನೀರು ತುಂಬಿಸಿ ಪೈಪಿನಲ್ಲಿ ಹರಿಸಿದರೆ ಅದು ‘ಆ್ಯಕ್ಟಿವ್ ಕನ್ಸೀಲ್‌ಮೆಂಟ್’ಗೆ ಒಪ್ಪುವ ಉದಾಹರಣೆ. ನಮ್ಮ ಜಿಲ್ಲೆಯ ಓದುಗರಿಗೆ ಥಟ್ಟನೆ ಹೊಳೆಯುತ್ತದೆ. ನಿಮ್ಮ ಲಂಡನ್ ಬ್ಯಾಂಕಿನ ಕಥೆ ತೆಗೆದು ಇದನ್ನು ಹಾಕಿ.

ಕನ್ನಡದ ಬಗ್ಗೆಯೂ ಹೇಳಲೇಬೇಕು. ಎಲ್ಲ ಕಡೆ ‘ಬಚ್ಚಿಡು’ ಎಂದೇ ಬರೆದಿದ್ದೀರಿ. ವಸ್ತುವನ್ನು ಬಚ್ಚಿಡುತ್ತಾರೆ, ನಿಜವನ್ನು ಮುಚ್ಚಿಡುತ್ತಾರೆ, ದುಃಖವನ್ನು ತೋರಗೊಡುವುದಿಲ್ಲ. ಆರೋಪಿ ‘ಇನ್ ಹೈಡಿಂಗ್’ ಇದ್ದರೆ ಅವನು ತಲೆಮರೆಸಿಕೊಂಡಿದ್ದಾನೆ. ‘ಗೇವ್ ಹಿಮ್ ಎ ಹೈಡಿಂಗ್’ ಅನ್ನು ‘ಅವನಿಗೆ ಅಡಗುತಾಣ ಕೊಟ್ಟ’ ಎಂದು ಅನುವಾದಿಸಿದ್ದೀರಿ. ಅದರ ಅರ್ಥ ಚೆನ್ನಾಗಿ ಬಾರಿಸಿದ ಎಂದು. ಅದು ಚರ್ಮ ಎಂಬರ್ಥದ ಇನ್ನೊಂದು ‘ಹೈಡ್’.

ತಿದ್ದಿದ ಪ್ರತಿ 600 ಪದ ಮೀರದಿರಲಿ. ವ್ಯಾಕರಣದ ಭಾಗ ಮೊದಲು ಬರಲಿ, ಪದಮೂಲ ಎರಡೇ ಸಾಲಿರಲಿ.

ಸಂಪಾದಕರು