ಪೋಸ್ಟ್ ಬೇರೆ, ಕೆಲಸ ಒಂದೇ: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಗಾರ್ಮೆಂಟ್ಸ್ ಒಂದರಲ್ಲಿ ಹನ್ನೊಂದು ವರ್ಷದಿಂದ ಸ್ಯಾಂಪಲ್ ಟೈಲರ್ ಆಗಿದ್ದೇನೆ, ಅಂದರೆ ಮಾದರಿ ಉಡುಪು ಹೊಲಿಯುವವಳು. ಎರಡು ವರ್ಷದ ಹಿಂದೆ ಸೇರಿದ ಹುಡುಗ ನನ್ನ ಪಕ್ಕದ ಮಷೀನಿನಲ್ಲಿ ಇದೇ ಕೆಲಸ ಮಾಡುತ್ತಾನೆ. ಅವನಿಗೆ ‘ಸ್ಯಾಂಪಲ್ ಟೆಕ್ನಿಷಿಯನ್’ ಅಂತ ಹೆಸರು, ಸಂಬಳ ತಿಂಗಳಿಗೆ 2,400 ರೂಪಾಯಿ ಹೆಚ್ಚು. ಕೇಳಿದರೆ ‘ಅವನ ಪೋಸ್ಟೇ ಬೇರೆ’ ಅನ್ನುತ್ತಾರೆ. ಏನು ಮಾಡಲಿ?
– ಪೀಣ್ಯದ ಓದುಗರು

ಉತ್ತರ: ಪೋಸ್ಟಿನ ಹೆಸರು ಬೇರೆ ಎಂದ ಮಾತ್ರಕ್ಕೆ ಸಂಬಳ ಬೇರೆ ಆಗಬೇಕಿಲ್ಲ. 1976ರ ಸಮಾನ ವೇತನ ಕಾಯ್ದೆಯ ಜಾಗಕ್ಕೆ ಈಗ 2019ರ ವೇತನ ಸಂಹಿತೆ ಬಂದಿದೆ. ಅದು ಜಾರಿಯಾದದ್ದು 2025ರ ನವೆಂಬರ್ 21ಕ್ಕೆ. ಕೆಲಸಕ್ಕೆ ಬೇಕಾದ ಕೌಶಲ, ಶ್ರಮ, ಅನುಭವ, ಹೊಣೆ, ಈ ನಾಲ್ಕನ್ನು ಅದು ನೋಡುತ್ತದೆ. ಒಂದೇ ಬಗೆಯ ವಾತಾವರಣದಲ್ಲಿ ಈ ನಾಲ್ಕೂ ಸರಿಸಮ ಇದ್ದರೆ ಹೆಂಗಸು ಅಂತ ಕಡಿಮೆ ಕೊಡುವ ಹಾಗಿಲ್ಲ.

ಆದ್ದರಿಂದ ಮೊದಲು ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಮೂವತ್ತು ದಿನ, ಮನೆಗೆ ಬಂದ ಮೇಲೆ, ದಿನಕ್ಕೆ ನಾಲ್ಕು ಸಾಲು ಬರೆಯಿರಿ: ಯಾವ ಸ್ಟೈಲ್, ಯಾವ ಮಷೀನು, ಏನೇನು ಹೊಲಿದಿರಿ, ಅಳತೆ ಸರಿಯಿದೆಯೇ ಎಂದು ನೋಡಿದವರು ಯಾರು. ‘ಶರ್ಟ್ ಹೊಲಿದೆ’ ಅಂತ ಬರೆದರೆ ಸಾಲದು. ‘ಕಾಲರ್, ಕಫ್, ಪ್ಲಾಕೆಟ್ ಮೂರೂ ನಾನೇ, ಕಾಲರ್ ತುದಿ ಎರಡು ಕಡೆ ಸಮ ಬರಲಿಲ್ಲ, ಬಿಚ್ಚಿ ಮತ್ತೆ ಹೊಲಿದೆ, ಮಧ್ಯಾಹ್ನ 3ಕ್ಕೆ ಅಳತೆ ನೋಡಿ ಒಪ್ಪಿದರು’ ಅಂತ ಬರೆದರೆ ಕೌಶಲವೂ ಹೊಣೆಯೂ ಕಣ್ಣಿಗೆ ಕಾಣುತ್ತದೆ. ಅದೇ ದಿನ ಆ ಹುಡುಗ ಏನು ಹೊಲಿದ ಅನ್ನುವುದಕ್ಕೂ ಒಂದು ಸಾಲಿರಲಿ. ಅವನು ಕಂಪ್ಯೂಟರಿನಲ್ಲಿ ಪ್ಯಾಟರ್ನ್ (ಬಟ್ಟೆ ಕತ್ತರಿಸುವ ನಮೂನೆ) ಕೂಡ ತೆಗೆಯುತ್ತಾನೆ ಅಂತಾದರೆ ನಿಮ್ಮ ವಾದ ಅಷ್ಟರ ಮಟ್ಟಿಗೆ ಸಡಿಲವಾಗುತ್ತದೆ. ಅದನ್ನು ಈಗಲೇ ತಿಳಿದುಕೊಳ್ಳುವುದು ಒಳ್ಳೆಯದು.

ಇಲ್ಲೇ ತುಂಬ ಜನ ಎಡವುತ್ತಾರೆ. ಸಾಕ್ಷಿ ಬೇಕು ಅಂತ ಬಯರ್ (ಆರ್ಡರ್ ಕೊಟ್ಟವರು) ಕಳಿಸಿದ ಪ್ಯಾಟರ್ನು, ಅಳತೆ ವಿವರದ ಸ್ಪೆಕ್ ಶೀಟುಗಳ ಫೋಟೊ ತೆಗೆಯಬೇಡಿ. ಕಂಪನಿ ಗುಟ್ಟು ಹೊರಗೆ ಹಾಕಿದಿರಿ ಅಂತ ನಿಮ್ಮ ಮೇಲೇ ನೋಟಿಸ್ ಬರುತ್ತದೆ, ಸಂಬಳದ ಮಾತು ಮೂಲೆ ಸೇರುತ್ತದೆ. ನಿಮ್ಮ ಪೇ ಸ್ಲಿಪ್, ನೇಮಕ ಪತ್ರ, ಇನ್‌ಕ್ರಿಮೆಂಟ್ ಪತ್ರ, ನಿಮ್ಮ ನೋಟ್‌ಬುಕ್ ಇಷ್ಟೇ ಸಾಕು. ಅವನ ಸ್ಲಿಪ್ ಸಿಗದಿದ್ದರೂ ಚಿಂತೆಯಿಲ್ಲ. ವೇತನದ ರಿಜಿಸ್ಟರ್ ತರಿಸಿ ನೋಡುವ ಅಧಿಕಾರ ವಿಚಾರಣೆ ಮಾಡುವವರಿಗಿದೆ.

ಆಮೇಲೆ ಎಚ್‌ಆರ್‌ಗೆ ಒಂದು ಪುಟದ ಪತ್ರ ಬರೆಯಿರಿ. ಅದರಲ್ಲಿ ಬೈಗುಳ ಬೇಡ, ಬೇಡಿಕೊಳ್ಳುವುದೂ ಬೇಡ. ‘ನಾನೂ ಇಂಥ ಹುದ್ದೆಯವರೂ ಮಾಡುವ ಕೆಲಸ ಒಂದೇ, ವೇತನದಲ್ಲಿ 2,400 ರೂಪಾಯಿ ವ್ಯತ್ಯಾಸವಿದೆ, ಕಾರಣವನ್ನು ಹದಿನೈದು ದಿನದೊಳಗೆ ಬರಹದಲ್ಲಿ ತಿಳಿಸಿ’. ಇನ್ನೊಂದು ಪ್ರತಿಯ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳಿ. ಕೊಡದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಬಾಯಿಮಾತಿನಲ್ಲಿ ಹತ್ತು ಸಲ ಕೇಳಿದರೂ ಕಾಗದದಲ್ಲಿ ಅದು ಸೊನ್ನೆ.

ಉತ್ತರ ಬರಲಿಲ್ಲ ಅಂದರೆ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ. ಅರ್ಜಿಯನ್ನು ನೀವೇ ಹಾಕಬಹುದು, ಯೂನಿಯನ್ ಕೂಡ ಹಾಕಬಹುದು. ಹಕ್ಕು ಹುಟ್ಟಿದ ಮೂರು ವರ್ಷದೊಳಗೆ ಹಾಕಬೇಕು. ನಿಮ್ಮ ಲೆಕ್ಕ 24 ತಿಂಗಳಿಗೆ 57,600 ರೂಪಾಯಿ. ಓಟಿ ಮಾಡಿದ್ದರೆ ಅದರ ವ್ಯತ್ಯಾಸ ಬೇರೆ. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರ ಕಾನೂನಿನಲ್ಲಿದೆ. ವಕೀಲರಿಗೆ ದುಡ್ಡಿಲ್ಲ ಅಂತ ಹಿಂಜರಿಯಬೇಡಿ. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಉಚಿತ ಕಾನೂನು ನೆರವಿನ ಹಕ್ಕಿದೆ, ಸಹಾಯವಾಣಿ 15100.

ಕಂಪನಿಯವರು ‘ನಮಗೆ ಕೊಡುವ ಶಕ್ತಿಯಿಲ್ಲ’, ‘ಯೂನಿಯನ್ ಒಪ್ಪಂದವೇ ಹಾಗಿದೆ’ ಎಂದಾರು. 1987ರಲ್ಲಿ ಸುಪ್ರೀಂ ಕೋರ್ಟ್ ಈ ಎರಡು ಮಾತನ್ನೂ ತಳ್ಳಿಹಾಕಿದೆ. ಮ್ಯಾಕಿನನ್ ಮೆಕೆಂಜಿ ಕಂಪನಿಯ ಸ್ಟೆನೊಗ್ರಾಫರ್ ಆಡ್ರಿ ಡಿಕೋಸ್ಟಾ, ಗಂಡಸು ಸ್ಟೆನೊಗಳಿಗಿಂತ ತಮಗೆ ಕಡಿಮೆ ಸಂಬಳ ಎಂದು ನಡೆಸಿದ ಕೇಸು ಅದು, ಗೆದ್ದದ್ದು ಅವರೇ. ಇನ್ನೊಂದು ಮಾತು ಆ ಹುಡುಗನಿಗೂ ಹೇಳಿ: ಸಮ ಮಾಡುವ ನೆಪದಲ್ಲಿ ಅವನ ಸಂಬಳ ಇಳಿಸುವಂತಿಲ್ಲ. ಅದು ತಿಳಿದರೆ ಅವನೇ ನಿಮ್ಮ ಸಾಕ್ಷಿಯಾದರೂ ಆದಾನು.

ಪ್ರಶ್ನೆ: ಸಾಫ್ಟ್‌ವೇರ್ ಕಂಪನಿಯಲ್ಲಿ ಟೀಮ್ ಲೀಡ್ ಆಗಿದ್ದೆ. ಹೆರಿಗೆ ರಜೆ ಮುಗಿಸಿ ಬಂದಾಗ ಟೀಮನ್ನು ಬೇರೆಯವರಿಗೆ ಕೊಟ್ಟಿದ್ದರು. ‘ಮಗು ಚಿಕ್ಕದು, ನಿಮಗೇ ಆರಾಮು’ ಎನ್ನುತ್ತಾರೆ. ಮ್ಯಾನೇಜರ್ ಮಟ್ಟದವರಿಗೆ ಕಾರ್ಮಿಕ ಕಾನೂನು ಬರುತ್ತದೆಯೇ?
– ಮಂಗಳೂರಿನ ಓದುಗರು

ಉತ್ತರ: ಬರುತ್ತದೆ. ವೇತನ ಸಂಹಿತೆಯಲ್ಲಿ ‘ಉದ್ಯೋಗಿ’ ಎಂದರೆ ಮೇಲ್ವಿಚಾರಕರು, ಮ್ಯಾನೇಜರುಗಳೂ ಸೇರಿದ್ದಾರೆ. 26 ವಾರದ ಹೆರಿಗೆ ರಜೆಯಲ್ಲಿರುವಾಗ ಸೇವಾ ಷರತ್ತನ್ನು ನಿಮಗೆ ನಷ್ಟವಾಗುವಂತೆ ಬದಲಿಸಲು ಕಾನೂನು ಬಿಡುವುದಿಲ್ಲ. ಆರಾಮು ಬೇಕೋ ಬೇಡವೋ ಎಂದು ಹೇಳಬೇಕಾದವರು ನೀವು, ಅವರಲ್ಲ. ‘ರಜೆಗೆ ಮುಂಚಿನ ನನ್ನ ಜವಾಬ್ದಾರಿ ಇದು, ಈಗ ಇದು, ಬದಲಾವಣೆಯ ಆದೇಶ, ಕಾರಣ ತಿಳಿಸಿ’ ಎಂದು ಇವತ್ತೇ ಇಮೇಲ್ ಮಾಡಿ. ವರ್ಷದ ರೇಟಿಂಗ್ ಬಂದಾಗ, ಕೆಲಸ ಮಾಡಿದ ತಿಂಗಳುಗಳನ್ನಷ್ಟೇ ಅಳೆಯಿರಿ ಎಂದೂ ಬರಹದಲ್ಲೇ ಕೇಳಿ. ವಿರಾಜಪೇಟೆಯ ಸಿ.ಬಿ. ಮುತ್ತಮ್ಮ, ವಿದೇಶಾಂಗ ಸೇವೆಯ ಮೊದಲ ಮಹಿಳಾ ಅಧಿಕಾರಿ, ಬಡ್ತಿ ತಪ್ಪಿದಾಗ ಸುಪ್ರೀಂ ಕೋರ್ಟಿಗೇ ಹೋದರು. 1979ರಲ್ಲಿ ತೀರ್ಪು ಬರುವ ಹೊತ್ತಿಗೆ ಸರ್ಕಾರ ಅವರಿಗೆ ಬಡ್ತಿ ಕೊಟ್ಟಾಗಿತ್ತು.

ಪ್ರಶ್ನೆ: ನಾಟಿ ಕೆಲಸಕ್ಕೆ ಗಂಡಾಳಿಗೆ ಒಂದು ಕೂಲಿ, ಹೆಣ್ಣಾಳಿಗೆ ಅದಕ್ಕಿಂತ ಕಡಿಮೆ. ಊರಿನಲ್ಲಿ ದೂರು ಕೊಟ್ಟರೆ ಮುಂದೆ ಯಾರೂ ಕರೆಯುವುದಿಲ್ಲ. ಬೇರೆ ದಾರಿ ಇದೆಯೇ?
– ಸಿಂಧನೂರು ಕಡೆಯ ಓದುಗರು

ಉತ್ತರ: ದಿನಗೂಲಿ ಬಿಟ್ಟು ಗುಂಪಾಗಿ ಎಕರೆ ಲೆಕ್ಕದ ಗುತ್ತಿಗೆ ಹಿಡಿಯಿರಿ. ಒಂದು ಎಕರೆ ನಾಟಿಯನ್ನು ಒಂದೇ ದಿನದಲ್ಲಿ ಮುಗಿಸಲು ಹತ್ತು ಆಳು ಬೇಕು ಎಂದಿಟ್ಟುಕೊಂಡರೆ, ಗಂಡಾಳಿನ ಕೂಲಿಯನ್ನು ಹತ್ತರಿಂದ ಗುಣಿಸಿ. ಅದಕ್ಕಿಂತ ಕೆಳಗೆ ಒಪ್ಪಬೇಡಿ. ನಾಟಿಯಲ್ಲಿ ಬೆನ್ನು ಬಾಗಿಸಿ ಸಾಲು ಹಿಡಿಯುವವರು ನೀವೇ, ಹಂಗಾಮು ತಪ್ಪಿದರೆ ನಷ್ಟ ಗದ್ದೆಯವರಿಗೆ. ಜಗಳ ಹುಟ್ಟುವುದು ಮೂರು ಕಡೆ: ಗದ್ದೆಯ ಅಳತೆ, ಸಸಿ ಕಿತ್ತು ಹೊತ್ತು ತರುವ ಕೆಲಸ, ಮೇಸ್ತ್ರಿಯ ಕಮಿಷನ್. ಕೆಸರಿಗೆ ಇಳಿಯುವ ಮುಂಚೆಯೇ ಮೂರನ್ನೂ ಮಾತಾಡಿ, ಗುಂಪಿನಲ್ಲಿ ಓದು ಬಲ್ಲವರೊಬ್ಬರು ಬರೆದಿಟ್ಟುಕೊಳ್ಳಲಿ.

ಪ್ರಶ್ನೆ: ಮಹಿಳಾ ಹಾಲು ಸಂಘಕ್ಕೆ ಅಧ್ಯಕ್ಷೆಯಾಗಿದ್ದೇನೆ. ಪುಸ್ತಕವೆಲ್ಲ ಕಾರ್ಯದರ್ಶಿ ಕೈಯಲ್ಲಿ, ನಾನು ಬರೀ ಸಹಿ ಹಾಕುವವಳು.
– ಚನ್ನರಾಯಪಟ್ಟಣದ ಓದುಗರು

ಉತ್ತರ: ದಿನಾ ಹತ್ತು ನಿಮಿಷ ಡೇರಿಗೆ ಹೋಗಿ ಮೂರು ಅಂಕಿ ಕೇಳಿ: ಎರಡು ಹೊತ್ತು ಸೇರಿ ಬಂದ ಹಾಲು ಎಷ್ಟು ಲೀಟರ್, ಊರಲ್ಲಿ ಮಾರಿದ್ದು ಎಷ್ಟು, ಒಕ್ಕೂಟಕ್ಕೆ ಹೋದದ್ದು ಎಷ್ಟು. ಕೊನೆಯ ಎರಡು ಕೂಡಿದರೆ ಮೊದಲನೆಯದಕ್ಕೆ ಹತ್ತಿರ ಬರಬೇಕು. ಬರದಿದ್ದ ದಿನ, ಅವತ್ತೇ ಕೇಳಿ. ಖಾಲಿ ಚೆಕ್ಕಿಗೆ ಯಾರು ಹೇಳಿದರೂ ಸಹಿ ಬೇಡ. ನಡಾವಳಿ ಪುಸ್ತಕವನ್ನು ಸಭೆಯಲ್ಲೇ ಗಟ್ಟಿಯಾಗಿ ಓದಿಸಿ, ಬರಹ ಮುಗಿದ ಸಾಲಿನ ಕೆಳಗೆ ಖಾಲಿ ಜಾಗವಿದ್ದರೆ ಅಡ್ಡಗೆರೆ ಎಳೆದು ಆಮೇಲೆ ಸಹಿ ಹಾಕಿ.